ಹಡಗು, ಕೆರೆ, ಗಾಜಿನ ತೊಟ್ಟಿ

ಹೊರನಾಡಿನ ಜಲಜೀವಿಗಳು ಮುಂಬಯಿಯ ನೀರಿಗೆ ಬರುವ ದಾರಿ ಮುಖ್ಯವಾಗಿ ಮೂರು. ಹಡಗಿನ ಹೊಟ್ಟೆಯೊಳಗೆ ಕೂತೋ ಅದರ ಮೈಗೆ ಅಂಟಿಕೊಂಡೋ ಬಂದರಿಗೆ ಬಂದಿಳಿಯುವವು ಕೆಲವು. ಚೆಂದದ ಹೂವೆಂದು ಯಾವ ಕಾಲದಲ್ಲೋ ತಂದ ಗಿಡ ಕೊಳಚೆ ನೀರುಂಡು ಕೊಬ್ಬಿ ಕೆರೆ ಮುಚ್ಚುವುದು ಎರಡನೆಯ ಬಗೆ. ಮೂರನೆಯದು ಮೀನಿನ ಅಂಗಡಿಯ ಮತ್ತು ಸಾಕಣೆ ಹೊಂಡದ ದಾರಿ. ಮನೆಯ ಗಾಜಿನ ತೊಟ್ಟಿಯಲ್ಲಿ ಹಿಡಿಸದಷ್ಟು ಬೆಳೆದ ಮೀನನ್ನು ಕೊಲ್ಲಲು ಮನಸ್ಸು ಬಾರದೆ ಹತ್ತಿರದ ಕೆರೆಗೆ ಬಿಟ್ಟು ಬಂದರೆ ಅಲ್ಲಿಗೆ ಅದರ ವಲಸೆ ಮುಗಿಯಿತು. ಈ ಮೂರು ದಾರಿಗಳ ಕಾವಲು ಮೂರು ಬೇರೆ ಬೇರೆ ಕಚೇರಿಗಳ ಕೈಯಲ್ಲಿದೆ. ಹಡಗಿನ ವಿಷಯ ಕೇಂದ್ರ ಸರ್ಕಾರದ ನೌಕಾಯಾನ ಮಹಾನಿರ್ದೇಶನಾಲಯದ್ದು, ಕೆರೆ ಬೃಹನ್ಮುಂಬಯಿ ಮಹಾನಗರಪಾಲಿಕೆಯದು, ಮೀನು ಸಾಕಣೆ ರಾಜ್ಯದ ಮೀನುಗಾರಿಕೆ ಇಲಾಖೆಯದು. ಆದ್ದರಿಂದ ಈ ವಿಷಯಕ್ಕೆ ಸಾರ್ವಜನಿಕ ಸಭೆ ಎಲ್ಲಿ ಕೂಡಿದರೂ ಕೇಳುವವರ ಪ್ರಶ್ನೆಗಳಲ್ಲಿ ಮೂರನೇ ಎರಡು ಪಾಲಿಗೆ ‘ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಉತ್ತರ ಸುಳ್ಳಲ್ಲ. ತೊಂದರೆ ಇರುವುದೂ ಅದರಲ್ಲೇ.

ಹೊರಗಿನಿಂದ ಬಂದದ್ದೆಲ್ಲ ಹಾವಳಿಯಲ್ಲ. ನಗರದ ಪವಾಯಿ ಕೆರೆಯಲ್ಲಿ ಗಾಳ ಹಾಕುವವರು ಆಸೆಪಟ್ಟು ಹಿಡಿಯುವ ರೋಹು, ಕಾಟ್ಲಾಗಳೂ ಈ ಕಡೆಯ ಮೂಲದವಲ್ಲ, ಗಂಗಾ ಬಯಲಿನವು. ಹೊಸ ಜಾಗದಲ್ಲಿ ತಾನಾಗಿ ವಂಶ ಬೆಳೆಸಿ, ಹಬ್ಬಿ, ಅಲ್ಲಿನ ಜೀವಿಗಳಿಗೋ ಜನರ ಕಸುಬಿಗೋ ಪೆಟ್ಟು ಕೊಡುವಂಥದ್ದನ್ನು ಮಾತ್ರ ಆಕ್ರಮಣಕಾರಿ ಪರಕೀಯ ಪ್ರಭೇದವೆಂದು ಕರೆಯುವುದು ವಾಡಿಕೆ. ಭಾರತದ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ ಈ ಮಾತು ಸೇರಿದ್ದು 2022ರ ತಿದ್ದುಪಡಿಯಲ್ಲಿ. ಅದು ಜಾರಿಗೆ ಬಂದದ್ದು 2023ರ ಏಪ್ರಿಲ್ 1ರಂದು. ಇಂಥ ಜೀವಿಗಳ ಆಮದು, ಮಾರಾಟ, ಇಟ್ಟುಕೊಳ್ಳುವಿಕೆಗಳನ್ನು ನಿಯಂತ್ರಿಸುವ, ಬೇಕಾದರೆ ನಿಷೇಧಿಸುವ ಅಧಿಕಾರ ಈಗ ಕೇಂದ್ರ ಸರ್ಕಾರಕ್ಕಿದೆ.

ಮುಂಬಯಿಗೂ ಈ ವಿಷಯಕ್ಕೂ ಇರುವ ನಂಟು ಈ ತಿದ್ದುಪಡಿಗಿಂತ ಹಳೆಯದು. ವಿಶ್ವಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕಡಲಯಾನ ಸಂಸ್ಥೆ 2000ದಿಂದ 2004ರವರೆಗೆ ‘ಗ್ಲೋಬ್ಯಾಲಾಸ್ಟ್’ ಎಂಬ ಕಾರ್ಯಕ್ರಮ ನಡೆಸಿತು. ಅದಕ್ಕೆ ಮಾದರಿಯಾಗಿ ಜಗತ್ತಿನಲ್ಲಿ ಆಯ್ದುಕೊಂಡದ್ದು ಆರು ಬಂದರುಗಳನ್ನು: ಚೀನಾದ ಡಾಲಿಯನ್, ಇರಾನಿನ ಖಾರ್ಗ್ ದ್ವೀಪ, ಉಕ್ರೇನಿನ ಒಡೆಸ್ಸಾ, ದಕ್ಷಿಣ ಆಫ್ರಿಕಾದ ಸಾಲ್ದಾನಾ, ಬ್ರೆಜಿಲ್‌ನ ಸೆಪೆಟಿಬಾ ಮತ್ತು ಭಾರತದ ಮುಂಬಯಿ. ಇಲ್ಲಿ ಮುಂದಾಳತ್ವ ನೌಕಾಯಾನ ಮಹಾನಿರ್ದೇಶನಾಲಯದ್ದು, ನೀರಿಗಿಳಿದು ಪರೀಕ್ಷೆ ಮಾಡುವ ಕೆಲಸ ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯದು.

ಬ್ಯಾಲಾಸ್ಟ್ ನೀರು ಎಂದರೆ ಖಾಲಿ ಹಡಗು ಅಲೆಯಲ್ಲಿ ವಾಲದಂತೆ ತಳದ ತೊಟ್ಟಿಗಳಲ್ಲಿ ತುಂಬಿಕೊಳ್ಳುವ ನೀರು. ಸರಕು ಇಳಿಸಿದ ಬಂದರಿನಲ್ಲಿ ತುಂಬಿಕೊಂಡದ್ದನ್ನು ಹಡಗು ಸರಕು ಹೇರಿಕೊಳ್ಳುವ ಬಂದರಿನಲ್ಲಿ ಚೆಲ್ಲುತ್ತದೆ. ನೀರಿನ ಜೊತೆಗೆ ಪಾಚಿ, ಏಡಿ ಮತ್ತು ಚಿಪ್ಪುಜೀವಿಗಳ ಮರಿ, ಬ್ಯಾಕ್ಟೀರಿಯಾಗಳೂ ಸಾವಿರಾರು ಮೈಲಿ ದಾಟುತ್ತವೆ. ಇದರಲ್ಲಿ ಸಭೆಗಳು ಸಾಮಾನ್ಯವಾಗಿ ಮರೆಯುವ ಒಂದು ಸೂಕ್ಷ್ಮವಿದೆ. ಕಚ್ಚಾತೈಲ ಇಳಿಸುವ ಹಡಗು ಮುಂಬಯಿಯಲ್ಲಿ ನೀರು ಚೆಲ್ಲುವುದಕ್ಕಿಂತ ಹೆಚ್ಚಾಗಿ ತುಂಬಿಕೊಳ್ಳುತ್ತದೆ. ಹಾಗಾಗಿ ಈ ಬಂದರು ಪರಕೀಯ ಜೀವಿಗಳಿಗೆ ಬಾಗಿಲಾಗಿರುವಂತೆ, ಇಲ್ಲಿನ ಜೀವಿಗಳನ್ನು ಬೇರೆ ಬಂದರುಗಳಿಗೆ ರಫ್ತು ಮಾಡುವ ತಾಣವೂ ಹೌದು. ಬೇರೆಯವರ ಕೆರೆ ಕಡಲುಗಳ ಮಟ್ಟಿಗೆ ಮುಂಬಯಿಯೇ ಪರಕೀಯ.

ಸಮೀಕ್ಷೆಯ ಕೆಲಸ ನೋಡಲು ಸರಳ, ಮಾಡಲು ತ್ರಾಸದಾಯಕ. ಮುಳುಗುಗಾರರು ಧಕ್ಕೆಯ ಕಂಬದ ಮೇಲೆ ನಿಗದಿ ಅಳತೆಯ ಚೌಕಟ್ಟು ಹಿಡಿದು, ಅದರೊಳಗೆ ಅಂಟಿಕೊಂಡಿರುವುದನ್ನೆಲ್ಲ ಚಾಕುವಿನಿಂದ ಕೆರೆದು ಚೀಲಕ್ಕೆ ತುಂಬುತ್ತಾರೆ. ಮೇಲ್ನೀರಿನಲ್ಲಿ ಸಣ್ಣ ಕಣ್ಣಿನ ಬಲೆ ಎಳೆದು ತೇಲುಜೀವಿಗಳನ್ನು ಹಿಡಿಯುತ್ತಾರೆ. ತಳದ ಕೆಸರನ್ನು ಬಾಚಿ ತಂದು, ಅದರಲ್ಲಿ ವರ್ಷಗಟ್ಟಲೆ ನಿದ್ದೆ ಮಾಡುತ್ತ ಕಾದಿರುವ ವಿಷಪಾಚಿಗಳ ಬೀಜಕೋಶ ಹುಡುಕುತ್ತಾರೆ. ಒಂದೊಂದು ಚೀಲದ ಮಾಲನ್ನೂ ಸೂಕ್ಷ್ಮದರ್ಶಕದ ಕೆಳಗಿಟ್ಟು ಹೆಸರು ಹಚ್ಚಲು ತಿಂಗಳುಗಟ್ಟಲೆ ಬೇಕು. ಮುಂಬಯಿ ಮತ್ತು ಜವಾಹರಲಾಲ್ ನೆಹರೂ ಬಂದರುಗಳ ಬ್ಯಾಲಾಸ್ಟ್ ಅಪಾಯದ ಅಂದಾಜು ವರದಿ ಸಿದ್ಧವಾದದ್ದು 2003ರ ಅಕ್ಟೋಬರ್‌ನಲ್ಲಿ. ಇದೇ ವಿಜ್ಞಾನಿಗಳ ಬಳಗ 2010ರಲ್ಲಿ ಪ್ರಕಟಿಸಿದ ಪ್ರಬಂಧ ಮುಂಬಯಿ ಬಂದರನ್ನು ಕಡಲಜೀವಿಗಳು ಬರುವ ಹೆಬ್ಬಾಗಿಲು ಎಂದೇ ಕರೆಯಿತು.

ಆ ಹೆಬ್ಬಾಗಿಲಿನಿಂದ ಬಂದವರಲ್ಲಿ ಹೆಚ್ಚು ಹೆಸರು ಮಾಡಿದ್ದು ಉಗುರಿನಷ್ಟೇ ದೊಡ್ಡದಾದ ಒಂದು ಚಿಪ್ಪುಜೀವಿ. ಶಾಸ್ತ್ರೀಯ ಹೆಸರು ಮೈಟಿಲಾಪ್ಸಿಸ್ ಸಲ್ಲೆಯಿ. ತವರು ಕೆರಿಬಿಯನ್ ಮತ್ತು ಮೆಕ್ಸಿಕೊ ಕೊಲ್ಲಿಯ ಸುತ್ತಿನ ನೀರು. ಭಾರತದಲ್ಲಿ ಅದು ಮೊದಲು ಕಂಡದ್ದು 1967ರಲ್ಲಿ ವಿಶಾಖಪಟ್ಟಣದಲ್ಲಿ. 1970ರ ದಶಕದ ನಡುವಿಗಾಗಲೇ ಮುಂಬಯಿ ಬಂದರಿನಲ್ಲೂ ಅದರ ದಾಖಲೆ ಆಗಿತ್ತು. ಇದು ರೇಷ್ಮೆಯಂಥ ಎಳೆ ಬಿಟ್ಟು ಕಲ್ಲು, ಮರ, ಕಬ್ಬಿಣ ಯಾವುದಕ್ಕಾದರೂ ಅಂಟಿಕೊಳ್ಳುತ್ತದೆ. ಉಪ್ಪುನೀರು, ಸವುಳು ನೀರು, ಸಿಹಿನೀರಿಗೆ ಹತ್ತಿರದ ನೀರು ಎಲ್ಲವೂ ಅದಕ್ಕೆ ಒಗ್ಗುತ್ತವೆ. ಹುಟ್ಟಿ ತಿಂಗಳು ಕಳೆಯುವಷ್ಟರಲ್ಲಿ ಮರಿ ಮಾಡಲು ಸಿದ್ಧ. ಹಡಗಿನ ತಂಪುನೀರಿನ ಕೊಳವೆಗಳನ್ನು ಕಟ್ಟಿಹಾಕುವುದು, ತೇಲುಬೋಯೆಗಳ ಮೇಲೆ ಭಾರ ಹೇರುವುದು, ಊರಿನ ಕಲ್ವಗಳ ಜಾಗ ಕಬಳಿಸುವುದು ಇದರ ಕಸುಬು. ಒಮ್ಮೆ ತೆರೆದ ಕಡಲಿನಲ್ಲಿ ನೆಲೆಸಿದರೆ ಕೀಳುವ ದಾರಿ ಇಲ್ಲ.

ಇದೇ ಚಿಪ್ಪು 1999ರ ಮಾರ್ಚ್‌ನಲ್ಲಿ ಆಸ್ಟ್ರೇಲಿಯಾದ ಡಾರ್ವಿನ್ ನಗರದ ದೋಣಿತಂಗುಗಳಲ್ಲಿ ಸಿಕ್ಕಿತು. ಅದಕ್ಕೆ ಆರು ತಿಂಗಳ ಹಿಂದಿನ ಪರೀಕ್ಷೆಯಲ್ಲಿ ಇದರ ಸುಳಿವೇ ಇರಲಿಲ್ಲ. ಈಗ ನೋಡಿದರೆ ಚದರ ಮೀಟರಿಗೆ 20,000ಕ್ಕೂ ಹೆಚ್ಚು. ಅಲ್ಲಿನ ಆಡಳಿತ ದಿನಗಳೊಳಗೆ ಮೂರು ತಂಗುಗಳ ಗೇಟು ಮುಚ್ಚಿ, ದೋಣಿಗಳನ್ನು ಒಳಗೇ ತಡೆದು, ಹೊರಗೆ ಹೋಗಿದ್ದ ದೋಣಿಗಳನ್ನು ಹುಡುಕಿಸಿ, ನೀರಿಗೆ ಕ್ಲೋರಿನ್ ಮತ್ತು ಮೈಲುತುತ್ತ ಸುರಿಯಿತು. ಒಳಗಿದ್ದ ಬೇರೆ ಜೀವಿಗಳೂ ಸತ್ತವು, ಆದರೆ ಚಿಪ್ಪು ನಿರ್ನಾಮವಾಯಿತು. ಕಡಲಿನ ಆಕ್ರಮಣಕಾರಿಯೊಂದನ್ನು ಪೂರ್ತಿಯಾಗಿ ಕಿತ್ತೊಗೆದ ಉದಾಹರಣೆಗಳು ಜಗತ್ತಿನಲ್ಲೇ ಬೆರಳೆಣಿಕೆಯಷ್ಟು, ಇದು ಅವುಗಳಲ್ಲೊಂದು. ಗೆದ್ದದ್ದು ಎರಡು ಕಾರಣಕ್ಕೆ. ಆರು ತಿಂಗಳ ಹಿಂದಿನ ಸಮೀಕ್ಷೆ ಕೈಯಲ್ಲಿತ್ತು, ಗೇಟು ಮುಚ್ಚಿರಿ ಎಂದು ಹೇಳುವ ಅಧಿಕಾರ ಯಾರದು ಎಂಬುದರಲ್ಲಿ ಗೊಂದಲವಿರಲಿಲ್ಲ. ಮುಂಬಯಿಯ ಇಂದಿರಾ ಡಾಕಿಗೂ ಗೇಟುಗಳಿವೆ. ಆದರೆ ಮೈಟಿಲಾಪ್ಸಿಸ್ ಇಲ್ಲಿಗೆ ಬಂದು ಅರ್ಧ ಶತಮಾನ ಆಗಿರುವುದರಿಂದ ಆ ಚಿಪ್ಪಿನ ವಿಷಯದಲ್ಲಿ ಡಾರ್ವಿನ್ನಿನ ಪಾಠ ಈಗ ಉಪಯೋಗಕ್ಕಿಲ್ಲ. ಉಪಯೋಗವಿರುವುದು ಮುಂದೆ ಬರಲಿರುವ ಜೀವಿಗಳ ವಿಷಯದಲ್ಲಿ.

2004ರ ಫೆಬ್ರವರಿಯಲ್ಲಿ ಲಂಡನ್ನಿನಲ್ಲಿ ಒಪ್ಪಿದ ಬ್ಯಾಲಾಸ್ಟ್ ನೀರಿನ ಅಂತರರಾಷ್ಟ್ರೀಯ ಒಪ್ಪಂದ ಜಾರಿಗೆ ಬಂದದ್ದು 2017ರ ಸೆಪ್ಟೆಂಬರ್ 8ರಂದು. ಮೊದಲ ಹಂತದ ನಿಯಮ, ದಡದಿಂದ 200 ನಾಟಿಕಲ್ ಮೈಲಿ ಆಚೆ, ಆಳ ಕಡಲಿನಲ್ಲಿ ನೀರು ಬದಲಾಯಿಸಿ ಬರಬೇಕೆಂಬುದು. ಎರಡನೆಯ ಹಂತ ಇನ್ನೂ ಬಿಗಿ. ಹಡಗಿನಲ್ಲೇ ಶುದ್ಧೀಕರಣ ಯಂತ್ರ ಇರಬೇಕು, ಚೆಲ್ಲುವ ನೀರಿನ ಒಂದು ಘನ ಮೀಟರಿನಲ್ಲಿ 50 ಮೈಕ್ರಾನ್ ಅಥವಾ ಅದಕ್ಕಿಂತ ದೊಡ್ಡ, ಬದುಕಿರುವ ಜೀವಿಗಳು ಹತ್ತಕ್ಕಿಂತ ಕಡಿಮೆ ಇರಬೇಕು. ಕಾಲರಾ ರೋಗಾಣುವಿಗೂ ಮಿತಿ ಹಾಕಿದ್ದಾರೆ. ಒಪ್ಪಂದಕ್ಕೆ ಒಳಪಟ್ಟ ಹಡಗುಗಳಿಗೆಲ್ಲ ಈ ಎರಡನೆಯ ನಿಯಮದ ಕೊನೆಯ ಗಡುವು 2024ರ ಸೆಪ್ಟೆಂಬರ್ 8 ಆಗಿತ್ತು. ಹಡಗಿನ ಮೈಗೆ ಅಂಟಿ ಬರುವವುಗಳ ಮಾತು ಬೇರೆ. ಅದಕ್ಕೆ 2011ರಲ್ಲಿ ಹೊರಡಿಸಿ 2023ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಗಳಿವೆ. ಅವು ಸಲಹೆ ಮಾತ್ರ, ಕಟ್ಟಳೆಯಲ್ಲ. ಮೈಟಿಲಾಪ್ಸಿಸ್‌ನಂಥ ಜೀವಿಗೆ ಹಡಗಿನ ಮೈಯೇ ಒಳ್ಳೆಯ ವಾಹನವಾದ್ದರಿಂದ ಈ ವ್ಯತ್ಯಾಸ ಸಣ್ಣದಲ್ಲ.

ಗ್ಲೋಬ್ಯಾಲಾಸ್ಟ್ ಏರ್ಪಾಡಿನ ಸಮಾಲೋಚನೆಗಳು ಅಧಿಕಾರಿಗಳು, ವಿಜ್ಞಾನಿಗಳು, ಹಡಗು ಉದ್ಯಮದವರ ಮಟ್ಟಿಗೆ ರೂಪಿಸಿದವು. ಅದರ ವಿಷಯ ತಾಂತ್ರಿಕ, ಭಾಷೆ ಇಂಗ್ಲಿಷು. ಮೀನುಗಾರರ ಕೇರಿಯಾದ ಕೋಲಿವಾಡದ ಅಂಗಳದಲ್ಲಿ ಜಮಖಾನೆ ಹಾಸಿ ನಡೆಸುವ ಸಭೆಗೆ ಅದು ಇಳಿದು ಬರುವಂತಿರಲಿಲ್ಲ. ಇದಕ್ಕೆ ಸರಿ ಎದುರಾದದ್ದು ಪವಾಯಿ ಕೆರೆಯ ಕಥೆ. ಅಲ್ಲಿ ಜನ ಸಭೆ ಸೇರಿಸುತ್ತಾರೆ, ಕೂಗುತ್ತಾರೆ, ಪತ್ರ ಬರೆಯುತ್ತಾರೆ. ಕೊರತೆ ಇರುವುದು ಲೆಕ್ಕದಲ್ಲಿ.

ಪವಾಯಿ ಕೆರೆ ಕಟ್ಟಿದ್ದು 1891ರ ಹೊತ್ತಿಗೆ, ನಗರದ ಕುಡಿಯುವ ನೀರಿಗೆಂದು. ನೀರು ಕುಡಿಯಲು ಯೋಗ್ಯವಾಗಲಿಲ್ಲ. ಈಗ ಅದು ಕಾರ್ಖಾನೆಗಳಿಗೂ ಆರೇ ಕಾಲನಿಗೂ ಹೋಗುತ್ತದೆ. ತುಂಬಿದಾಗ ಸುಮಾರು 223 ಹೆಕ್ಟೇರ್ ಹರವು, 545 ಕೋಟಿ ಲೀಟರ್ ನೀರು. ಒಂದು ದಡದಲ್ಲಿ ಐಐಟಿ, ಸುತ್ತ ವಸತಿ ಗೋಪುರಗಳು, ನೀರಿನಲ್ಲಿ ಕಾಯಿದೆಯ ಮೊದಲ ಅನುಸೂಚಿಯ ರಕ್ಷಣೆಯಿರುವ ಮೊಸಳೆಗಳು, ಮತ್ತು ಇವೆಲ್ಲವುಗಳ ಮೇಲೆ ಹಸಿರು ಹಾಸಿನಂತೆ ಅಂತರಗಂಗೆ. ಮರಾಠಿಯವರು ಇದನ್ನು ಜಲಪರ್ಣಿ ಎನ್ನುತ್ತಾರೆ. ಅಮೆಜಾನ್ ಕಣಿವೆಯ ಈ ಗಿಡ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬಂಗಾಳಕ್ಕೆ ಬಂದು ದೇಶವೆಲ್ಲ ಹರಡಿತು. ತೊಟ್ಟು ಗಾಳಿ ತುಂಬಿ ಉಬ್ಬಿಕೊಂಡಿರುತ್ತದೆ, ಅದರಿಂದಲೇ ತೇಲುವುದು. ಕೆಳಗೆ ಗರಿಯಂಥ ಕಪ್ಪು ಬೇರಿನ ಗೊಂಚಲು, ಮೇಲೆ ನಸುನೇರಳೆ ಹೂ, ಹೂವಿನ ಮೇಲಿನ ಎಸಳಿನಲ್ಲಿ ಹಳದಿ ಬೊಟ್ಟು. ಬೇರುಗಳಿಗೆ ಮ್ಯಾನ್ಸೋನಿಯಾ ಜಾತಿಯ ಸೊಳ್ಳೆಮರಿಗಳು ಚುಚ್ಚಿಕೊಂಡು ಉಸಿರಾಡುತ್ತವೆ. ಅವು ಮೇಲಕ್ಕೆ ಬಾರದಿರುವುದರಿಂದ ನೀರಿನ ಮೇಲೆ ಎಣ್ಣೆ ಸಿಂಪಡಿಸಿ ಸೊಳ್ಳೆ ಕೊಲ್ಲುವ ಹಳೆಯ ಉಪಾಯ ಇಲ್ಲಿ ಫಲಿಸುವುದಿಲ್ಲ.

ಇದನ್ನು ಕೀಳುವ ಕೆಲಸಕ್ಕೆ ಪಾಲಿಕೆ ಟೆಂಡರ್ ಕರೆಯುತ್ತದೆ. ತೇಲುವ ಯಂತ್ರ ಗಿಡವನ್ನು ಬಾಚಿ ದಡಕ್ಕೆ ತರುತ್ತದೆ, ಲಾರಿ ಒಯ್ಯುತ್ತದೆ. ಸಭೆಯಲ್ಲಿ ಅಧಿಕಾರಿಗಳು ಹೇಳುವ ಸಂಖ್ಯೆ ಸಾಮಾನ್ಯವಾಗಿ ಟನ್ನಿನದು: ಇಷ್ಟು ಸಾವಿರ ಟನ್ ತೆಗೆದಿದ್ದೇವೆ ಎಂದು. ಟನ್ನಿನ ಲೆಕ್ಕಕ್ಕೆ ಸಭಿಕರು ಮರುಳಾಗಬಾರದು. ಹಸಿ ಗಿಡದಲ್ಲಿ ನೂರಕ್ಕೆ ತೊಂಬತ್ತೈದು ಪಾಲು ನೀರೇ. ಹತ್ತು ಟನ್ ಲಾರಿ ಕಾಟಾದ ಮೇಲೆ ನಿಂತರೆ ಒಂಬತ್ತೂವರೆ ಟನ್ ಕೆರೆಯ ನೀರಿಗೇ ಸಾಗಣೆ ಖರ್ಚು ಬಿತ್ತು ಎಂದರ್ಥ. ದಡದಲ್ಲಿ ಎರಡು ದಿನ ಒಣಗಿಸಿ ಒಯ್ದರೆ ತೂಕ ಎಷ್ಟೋ ಇಳಿಯುತ್ತದೆ. ಆದರೆ ತೂಕಕ್ಕೆ ತಕ್ಕಂತೆ ಹಣ ಸಿಗುವ ಗುತ್ತಿಗೆಯಲ್ಲಿ ಒಣಗಿಸುವ ಆತುರ ಯಾರಿಗೂ ಇರುವುದಿಲ್ಲ. ಕೇಳಬೇಕಾದ ಸಂಖ್ಯೆ ಹೆಕ್ಟೇರಿನದು: ಇಂಥ ತಾರೀಖಿಗೆ ಎಷ್ಟು ಹೆಕ್ಟೇರ್ ಮುಚ್ಚಿತ್ತು, ಈಗ ಎಷ್ಟು ತೆರೆದಿದೆ. ಉಪಗ್ರಹದ ಚಿತ್ರದಲ್ಲಿ ಇದನ್ನು ಯಾರು ಬೇಕಾದರೂ ಅಳೆಯಬಹುದು.

ಬೆಳವಣಿಗೆಯ ಲೆಕ್ಕವೂ ಅಷ್ಟೇ ಮುಖ್ಯ. ಒಳ್ಳೆಯ ಬಿಸಿಲು, ಗೊಬ್ಬರ ಇರುವ ನೀರಿನಲ್ಲಿ ಅಂತರಗಂಗೆಯ ಹಾಸು ಹೆಚ್ಚುಕಡಿಮೆ ಎರಡು ವಾರಕ್ಕೆ ಇಮ್ಮಡಿಯಾಗುತ್ತದೆ. ಕೆರೆಯನ್ನೆಲ್ಲ ಬಳಿದು ಹದಿನಾರರಲ್ಲಿ ಒಂದು ಪಾಲು ಮೂಲೆಯಲ್ಲಿ ಉಳಿಯಿತೆನ್ನೋಣ. ನಾಲ್ಕು ಸಲ ಇಮ್ಮಡಿಯಾದರೆ ಕೆರೆ ಮತ್ತೆ ಪೂರ್ತಿ, ಎಂದರೆ ಎರಡು ತಿಂಗಳು. ಉದುರಿದ ಬೀಜ ಕೆಸರಿನಲ್ಲಿ ಹದಿನೈದು ಇಪ್ಪತ್ತು ವರ್ಷ ಜೀವ ಹಿಡಿದಿರುತ್ತದೆ. ಆದ್ದರಿಂದ ‘ಕೆರೆ ಸ್ವಚ್ಛವಾಯಿತು’ ಎಂಬ ಠರಾವಿಗಿಂತ ‘ಮುಂದಿನ ಐದು ವರ್ಷ ಪ್ರತಿ ತಿಂಗಳು ಇಷ್ಟು’ ಎಂಬ ಠರಾವು ಹೆಚ್ಚು ಪ್ರಾಮಾಣಿಕ. ಗಿಡಕ್ಕೆ ಅನ್ನ ಹಾಕುವುದು ಕೆರೆಗೆ ಸೇರುವ ಮನೆಗಳ, ಬಡಾವಣೆಗಳ ಕೊಳಚೆ. ಕೊಳಚೆಯ ಬಾಯಿ ಮುಚ್ಚದೆ ಗಿಡ ಕೀಳುವುದು ಗುತ್ತಿಗೆದಾರರಿಗೆ ಕಾಯಂ ಆದಾಯ, ಬೇರೇನಲ್ಲ. ಕೇಂದ್ರದ ರಾಷ್ಟ್ರೀಯ ಕೆರೆ ಸಂರಕ್ಷಣಾ ಯೋಜನೆಯ ಪಟ್ಟಿಯಲ್ಲಿ ಪವಾಯಿಯೂ ಇತ್ತು, ಕೆಲಸವೂ ನಡೆಯಿತು. ಗಿಡ ಮರಳಿ ಬಂದದ್ದು ಇದೇ ಕಾರಣಕ್ಕೆ.

ಮಳೆಗಾಲದಲ್ಲಿ ಪವಾಯಿ ತುಂಬಿ ಹರಿದಾಗ ಗಿಡದ ಒಂದಷ್ಟು ಪಾಲು ಮಿಠಿ ನದಿಗೆ ಇಳಿಯುತ್ತದೆ. ವಿಹಾರ್ ಮತ್ತು ಪವಾಯಿ ಕೆರೆಗಳ ಹೊರಹರಿವಿನಿಂದ ಹುಟ್ಟುವ ಈ ನದಿ ಸಾಕಿನಾಕಾ, ಕುರ್ಲಾ ದಾಟಿ ಮಾಹಿಮ್ ಖಾರಿಯಲ್ಲಿ ಕಡಲು ಸೇರುವುದು ಸುಮಾರು 18 ಕಿಲೋಮೀಟರ್ ದೂರದಲ್ಲಿ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ಸುರಿದ ದಿನ ಮಿಠಿಯ ಇಕ್ಕಟ್ಟು ನಗರಕ್ಕೆಲ್ಲ ಗೊತ್ತಾಯಿತು. ಉಪ್ಪುನೀರು ಮುಟ್ಟುತ್ತಲೇ ಅಂತರಗಂಗೆ ಸಾಯುತ್ತದೆ. ಹಾಗಾಗಿ ಕೆರೆಯ ಹಾವಳಿ ಬಂದರಿಗೆ ಹೋಗದು, ಬಂದರಿನ ಚಿಪ್ಪು ಕೆರೆಗೆ ಏರದು. ಎರಡಕ್ಕೂ ಒಂದೇ ಸಭೆ ಕರೆದರೆ ಎರಡೂ ಕೆಡುತ್ತವೆ.

ಕೀಟದ ಮಾತು ಇಲ್ಲಿ ಬರಲೇಬೇಕು, ಏಕೆಂದರೆ ಅದರ ಭಾರತೀಯ ಅನುಭವ ಬೆಂಗಳೂರಿನದು. 1980ರ ದಶಕದ ಮೊದಲ ವರ್ಷಗಳಲ್ಲಿ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ನಿಯೋಕೆಟಿನಾ ಎಂಬ ಮೂತಿಹುಳುವನ್ನು ಪರೀಕ್ಷಿಸಿ ಬೆಂಗಳೂರಿನ ಕೆರೆಗಳ ಅಂತರಗಂಗೆಗೆ ಬಿಟ್ಟರು. ದೊಡ್ಡ ಹುಳು ಎಲೆಯನ್ನು ಹೆರೆದು ತಿನ್ನುತ್ತದೆ, ಮರಿ ತೊಟ್ಟಿನೊಳಗೆ ಸುರಂಗ ಕೊರೆಯುತ್ತದೆ. ತೊಟ್ಟಿಗೆ ನೀರು ನುಗ್ಗಿ ಗಿಡ ಮುಳುಗುತ್ತದೆ. ಕೆಲವು ಕೆರೆಗಳಲ್ಲಿ ಎರಡು ಮೂರು ವರ್ಷದಲ್ಲಿ ಹಾಸು ಕುಸಿಯಿತು. ಅದೇ ಕಾಲದಲ್ಲಿ ಬೆಂಗಳೂರಿನ ಒಂದು ನೈದಿಲೆ ಕೊಳದಲ್ಲಿ ಸಾಲ್ವೀನಿಯಾ ಎಂಬ ಇನ್ನೊಂದು ಪರಕೀಯ ಜಲಕಳೆಯನ್ನು ಬೇರೊಂದು ಮೂತಿಹುಳು ತಿಂದು ಮುಗಿಸಿತು. ಹಾಗೆಂದು ಹುಳುವೇ ಪರಿಹಾರ ಎನ್ನಲಾಗದು. ಕೊಳಚೆಯ ಸಾರವುಂಡ ಗಿಡ ಹುಳು ತಿನ್ನುವುದಕ್ಕಿಂತ ವೇಗವಾಗಿ ಚಿಗುರುತ್ತದೆ ಎಂಬುದನ್ನು ಬೆಂಗಳೂರಿನ ಇಂದಿನ ಕೆರೆಗಳೇ ತೋರಿಸುತ್ತವೆ. ಇನ್ನೊಂದು ತೊಡಕು, ಯಂತ್ರ ಗಿಡದ ಜೊತೆಗೆ ಹುಳುವನ್ನೂ ಬಾಚಿ ಒಯ್ಯುತ್ತದೆ. ಎರಡನ್ನೂ ಬಳಸುವುದಾದರೆ ಹುಳುವಿಗೆಂದು ಒಂದು ಮೂಲೆ ಮುಟ್ಟದೆ ಬಿಡಬೇಕು. ಯಾವ ಮೂಲೆ, ಅಲ್ಲಿ ಸೊಳ್ಳೆ ಕಾಟ ತಡೆದುಕೊಳ್ಳುವವರು ಯಾರು ಎಂಬುದು ವಿಜ್ಞಾನದ ಪ್ರಶ್ನೆಯಲ್ಲ, ಅಕ್ಕಪಕ್ಕದ ಕಟ್ಟಡಗಳವರು ಕೂತು ಒಪ್ಪಬೇಕಾದದ್ದು. ಸಭೆಗೆ ಹೇಳಿ ಮಾಡಿಸಿದ ವಿಷಯ ಇದು.

ಮೊಸಳೆಯ ಲೆಕ್ಕಾಚಾರವೂ ಹಾಗೆಯೇ. ಮೊಸಳೆ ದಡದ ಮಣ್ಣಿನಲ್ಲಿ ಮೊಟ್ಟೆಯಿಡುವುದು ಹೆಚ್ಚಾಗಿ ಫೆಬ್ರವರಿಯಿಂದ ಏಪ್ರಿಲ್, ಮರಿ ಹೊರಬರುವುದು ಮಳೆಗೆ ಮುಂಚೆ. ಪಾಲಿಕೆಗೆ ಮಳೆಗಾಲಕ್ಕೆ ಮೊದಲು ಕೆರೆ ಬಳಿಯುವ ಅವಸರ ಹುಟ್ಟುವುದೂ ಅದೇ ತಿಂಗಳುಗಳಲ್ಲಿ. ಯಂತ್ರ ದಡದಲ್ಲಿ ಓಡಾಡಿದರೆ ಗೂಡು ಹೋಯಿತು. ಈ ಕೆರೆಯ ದಡ ನ್ಯಾಯಾಲಯದ ಮೆಟ್ಟಿಲು ಹತ್ತಿದ್ದೂ ಉಂಟು. ಕೆರೆ ಸುತ್ತ ಪಾಲಿಕೆ ಹಾಕುತ್ತಿದ್ದ ಸೈಕಲ್ ಹಾದಿಯ ವಿರುದ್ಧ ಐಐಟಿಯ ಇಬ್ಬರು ವಿದ್ಯಾರ್ಥಿಗಳು ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿದರು, 2022ರ ಮೇ ತಿಂಗಳಲ್ಲಿ ಬಾಂಬೆ ಹೈಕೋರ್ಟು ಆ ಕಾಮಗಾರಿ ಕಾನೂನುಬಾಹಿರ ಎಂದು ತೀರ್ಪಿತ್ತು. ಸಭೆಯಲ್ಲಿ ಮೊದಲೇ ಇತ್ಯರ್ಥವಾಗದ್ದು ಕೋರ್ಟಿನಲ್ಲಿ ಇತ್ಯರ್ಥವಾಗುತ್ತದೆ, ದುಬಾರಿಯಾಗಿ.

ಅಂತರಗಂಗೆಯ ವಿರುದ್ಧ ಜನರನ್ನು ಕೂಡಿಸುವುದು ದೇಶಕ್ಕೆ ಹೊಸತಲ್ಲ. ಬಂಗಾಳ ಸರ್ಕಾರ 1921ರಲ್ಲಿ ಜಗದೀಶಚಂದ್ರ ಬೋಸರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿತು. 1936ರಲ್ಲಿ ಅಲ್ಲಿ ಅಂತರಗಂಗೆಗೆಂದೇ ಕಾಯಿದೆ ಬಂತು: ತನ್ನ ಜಮೀನಿನ ನೀರಿನಲ್ಲಿ ಅದನ್ನು ಉಳಿಸಿಕೊಳ್ಳುವುದು ತಪ್ಪೆಂದಾಯಿತು. 1937ರ ಚುನಾವಣೆಯಲ್ಲಿ ಪಕ್ಷಗಳು ಅದನ್ನು ಕಿತ್ತೊಗೆಯುವ ಭರವಸೆ ಕೊಟ್ಟವು. ಒಂದು ಕಳೆ ಚುನಾವಣೆಯ ವಿಷಯವಾದದ್ದು ಅಪರೂಪದ ಸಂಗತಿ.

ಮೂರನೆಯ ದಾರಿಯ ಬಗ್ಗೆ ಹೇಳುವುದು ಕಡಿಮೆ, ಏಕೆಂದರೆ ಅಲ್ಲಿ ಮಾಡಬೇಕಾದ್ದು ಸ್ಪಷ್ಟವಾಗಿದೆ. ಕರ್ನಾಟಕದ ಸಂತೆಗಳಲ್ಲಿ ಜಿಲೇಬಿ ಮೀನೆಂದು ಮಾರಾಟವಾಗುವ ತಿಲಾಪಿಯಾ 1952ರಲ್ಲಿ ಸರ್ಕಾರವೇ ತರಿಸಿದ್ದು. ಮರಾಠಿಯಲ್ಲಿ ಚಿಲಾಪಿಯಾಗಿರುವ ಅದನ್ನು ಈಗ ಹಿಂದೆ ಕಳಿಸುವಂತಿಲ್ಲ. ಸೊಳ್ಳೆ ತಿನ್ನಲೆಂದು 1928ರಲ್ಲಿ ಇಟಲಿಯಿಂದ ತಂದ ಗ್ಯಾಂಬೂಸಿಯಾ ಊರ ಮೀನುಗಳ ಮೊಟ್ಟೆ ಮರಿಗಳನ್ನೂ ತಿನ್ನುತ್ತದೆ. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಗೆ ಕೇಂದ್ರ ಸರ್ಕಾರ 2000ದಲ್ಲೇ ನಿಷೇಧ ಹಾಕಿತು, 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಅದನ್ನು ಮತ್ತೆ ನೆನಪಿಸಬೇಕಾಯಿತು. ಊರಿನ ಮಾಗೂರು ಮೀನಿನ ಹೆಸರಿನಲ್ಲೇ ಅದು ಮಾರುಕಟ್ಟೆಯಲ್ಲಿ ನುಸುಳುತ್ತದೆ. ಉಜನಿ ಹಿನ್ನೀರಿನ ಕಡೆ ಮಹಾರಾಷ್ಟ್ರದ ಅಧಿಕಾರಿಗಳು ಹೊಂಡಗಳನ್ನು ನಾಶ ಮಾಡಿದ್ದುಂಟು. ಅಲಂಕಾರದ ಮೀನುಗಳಲ್ಲಿ ದೊಡ್ಡ ಬಾಯಿಯ ಅಲಿಗೇಟರ್ ಗಾರ್ 2023ರಲ್ಲಿ ಭೋಪಾಲದ ದೊಡ್ಡ ಕೆರೆಯಲ್ಲೂ ಕಾಶ್ಮೀರದ ದಾಲ್ ಸರೋವರದಲ್ಲೂ ಸಿಕ್ಕಿತು. ಯಾರೋ ತೊಟ್ಟಿಯಿಂದ ತಂದು ಬಿಟ್ಟಿದ್ದೇ ಕಾರಣವೆಂದು ಊಹೆ. ಮುಂಬಯಿಯ ಕ್ರಾಫರ್ಡ್ ಮಾರ್ಕೆಟಿನ ಅಂಗಡಿಗಳಲ್ಲಿ ಬೆರಳುದ್ದ ಇರುವ ಮೀನು ಮುಂದೆ ಎಷ್ಟುದ್ದ ಆಗುತ್ತದೆ ಎಂಬುದನ್ನು ಬೆಲೆಯ ಚೀಟಿಯಲ್ಲೇ ಬರೆಯುವಂತೆ ಮಾಡಿದರೆ ಅರ್ಧ ಕೆಲಸ ಆಯಿತು. ಬೇಡವಾದ ಮೀನು, ಕೆಂಪುಕಿವಿಯ ಆಮೆಗಳನ್ನು ಅಂಗಡಿಯವರೇ ವಾಪಸು ತೆಗೆದುಕೊಂಡರೆ ಉಳಿದರ್ಧ. ಇದಕ್ಕೆ ಸಾರ್ವಜನಿಕರ ಸಭೆಗಿಂತ ಅಂಗಡಿಕಾರರ ಸಭೆ ಮೇಲು.

ಇನ್ನು ಸಭೆಗಳ ಸ್ವರೂಪ. ಕಾನೂನಿನ ಬಲವಿರುವ ಸಾರ್ವಜನಿಕ ಅಹವಾಲು ಸಭೆ ನಡೆಯುವುದು 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ. ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿ ಕನಿಷ್ಠ 30 ದಿನ ಮೊದಲು ಒಂದು ರಾಷ್ಟ್ರೀಯ ಪತ್ರಿಕೆ, ಒಂದು ಪ್ರಾದೇಶಿಕ ಭಾಷೆಯ ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು, ನಡವಳಿಯನ್ನು ವಿಡಿಯೋ ಮಾಡಬೇಕು, ಕೊನೆಯಲ್ಲಿ ಸಾರಾಂಶವನ್ನು ಸಭೆಗೆ ಅಲ್ಲಿನ ಭಾಷೆಯಲ್ಲಿ ಓದಿ ಹೇಳಬೇಕು. ಗಣಪೂರ್ತಿ ಬೇಕಿಲ್ಲ, ಮತಕ್ಕೆ ಹಾಕುವುದೂ ಇಲ್ಲ. ಹೊಸ ಯೋಜನೆಗಳಿಗೆ, ಇರುವ ಯೋಜನೆಗಳ ವಿಸ್ತರಣೆಗೆ ಮಾತ್ರ ಇದು ಅನ್ವಯ. ಡಹಾಣು ಬಳಿಯ ವಾಢವಣ ಬಂದರಿಗೆ 2024ರ ಜನವರಿಯಲ್ಲಿ ಇಂಥ ಸಭೆ ನಡೆಯಿತು. ಅಲ್ಲಿನ ಮೀನುಗಾರರ ವಿರೋಧ ಹಳೆಯದು, ಮುಖ್ಯವಾಗಿ ಜೀವನೋಪಾಯದ ಕುರಿತಾದದ್ದು. ಹೊಸ ಬಂದರೆಂದರೆ ಹೊಸ ಹಡಗು, ಹೊಸ ಬ್ಯಾಲಾಸ್ಟ್ ನೀರು. ಆದ್ದರಿಂದ ಬಂದರು ಶುರುವಾಗುವ ಮುಂಚಿನ ಕಡಲಜೀವಿಗಳ ಪಟ್ಟಿಯನ್ನು ಕೇಳಿ ಪಡೆಯಲು ಅದಕ್ಕಿಂತ ಸರಿಯಾದ ಜಾಗವಿಲ್ಲ. ಡಾರ್ವಿನ್ನನ್ನು ಉಳಿಸಿದ್ದು ಅಂಥ ಪಟ್ಟಿಯೇ. ಈಗಾಗಲೇ ಇರುವ ಮುಂಬಯಿ ಬಂದರಿನ ದಿನನಿತ್ಯದ ಬ್ಯಾಲಾಸ್ಟ್ ವಿಷಯ ಯಾವ ಅಹವಾಲು ಸಭೆಗೂ ಬರುವುದಿಲ್ಲ.

ಕೆರೆಯ ವಿಷಯಕ್ಕೆ ಪಾಲಿಕೆಯ ವಾರ್ಡ್ ವ್ಯವಸ್ಥೆ ಇದೆ. ಪವಾಯಿ ಸೇರುವುದು ಭಾಂಡೂಪಿನ ಎಸ್ ವಾರ್ಡಿಗೆ. ಆದರೆ ಕಾರ್ಪೊರೇಟರುಗಳ ಅವಧಿ 2022ರ ಮಾರ್ಚ್‌ನಲ್ಲಿ ಮುಗಿದ ಮೇಲೆ ಪಾಲಿಕೆ ವರ್ಷಗಟ್ಟಲೆ ಆಡಳಿತಾಧಿಕಾರಿಯ ಕೈಯಲ್ಲಿತ್ತು, ವಾರ್ಡ್ ಸಮಿತಿಗಳು ಕೂಡಲಿಲ್ಲ. ಆಗ ಉಳಿದದ್ದು 1990ರ ದಶಕದ ಕೊನೆಯಿಂದ ಇರುವ ಎಎಲ್‌ಎಂ ಎಂಬ ನಿವಾಸಿಗಳ ಗುಂಪುಗಳು. ಅವಕ್ಕೆ ದನಿ ಇದೆ, ಅಧಿಕಾರವಿಲ್ಲ. ಜೀವವೈವಿಧ್ಯ ಕಾಯಿದೆ 2002ರ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನರ ಬಾಯಿಂದ ಕೇಳಿ ಜೀವಿಗಳ ದಾಖಲೆ ಬರೆಯಬೇಕು. ಪರಕೀಯ ಜೀವಿಯ ಮೊದಲ ಸುಳಿವು ದಾಖಲಾಗಲು ಇದಕ್ಕಿಂತ ಒಳ್ಳೆಯ ಪುಸ್ತಕವಿಲ್ಲ.

ಅಮೆರಿಕದಲ್ಲಿ 1988ರಲ್ಲಿ ಮಹಾಸರೋವರಗಳಲ್ಲಿ ಝೀಬ್ರಾ ಚಿಪ್ಪು ಸಿಕ್ಕ ಮೇಲೆ 1990ರಲ್ಲಿ ಕಾಯಿದೆ ಬಂದು, ಹಲವು ಇಲಾಖೆಗಳನ್ನು ಒಂದೇ ಮೇಜಿಗೆ ಕೂಡಿಸುವ ಕಾರ್ಯಪಡೆ ಹುಟ್ಟಿತು. ಅದರ ಸಭೆಗಳು ಸಾರ್ವಜನಿಕರಿಗೆ ತೆರೆದಿರುತ್ತವೆ, ದಿನಾಂಕ ಸರ್ಕಾರದ ರಾಜಪತ್ರದಲ್ಲಿ ಮೊದಲೇ ಅಚ್ಚಾಗುತ್ತದೆ. ಮುಂಬಯಿಗೆ ಬೇಕಾದದ್ದು ಅಷ್ಟು ದೊಡ್ಡ ಏರ್ಪಾಡಲ್ಲ. ಅಂಧೇರಿ ಪಶ್ಚಿಮವನ್ನೇ ನೋಡಿದರೆ ಸಾಕು. ವರ್ಸೋವಾದಲ್ಲಿ ಕೇಂದ್ರೀಯ ಮೀನುಗಾರಿಕಾ ಶಿಕ್ಷಣ ಸಂಸ್ಥೆ 1961ರಿಂದ ಇದೆ. ಸಾಗರವಿಜ್ಞಾನ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಅಲ್ಲಿಗೆ ಹತ್ತಿರ. ವರ್ಸೋವಾ ಕೋಲಿವಾಡ ಪಕ್ಕದಲ್ಲೇ. ಉಡುಪಿ, ದಕ್ಷಿಣ ಕನ್ನಡದ ಕಡಲಮಕ್ಕಳು 1902ರಲ್ಲಿ ಕಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿಯ ಭವನವೂ ಅಂಧೇರಿಯಲ್ಲೇ. ಬಲೆಯಲ್ಲಿ ಸಿಕ್ಕ ಗುರುತಿಲ್ಲದ ಜೀವಿಯನ್ನು ನೋಡುವ ಕಣ್ಣು, ಹೆಸರು ಹಚ್ಚುವ ಸೂಕ್ಷ್ಮದರ್ಶಕ, ಕೂರಲು ಸಭಾಂಗಣ ಮೂರೂ ಆಟೋ ಬಾಡಿಗೆಯ ದೂರದಲ್ಲಿವೆ.

ಮೀನುಗಾರರ ಮಾತಿಗೆ ತೂಕ ಎಷ್ಟೆಂಬುದನ್ನು ಚೆನ್ನೈ ಬಳಿಯ ಎಣ್ಣೂರು ತೋರಿಸಿತು. ದಕ್ಷಿಣ ಅಮೆರಿಕದ ಮೈಟೆಲ್ಲಾ ಎಂಬ ಚಿಪ್ಪು ಕೇರಳದ ಅಷ್ಟಮುಡಿಯಲ್ಲಿ ಹರಡಿದ್ದನ್ನು 2019ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು. ಎಣ್ಣೂರಿನ ಖಾರಿಯಲ್ಲಿ ಸಿಗಡಿ ಹಿಡಿಯುವವರು ಅದನ್ನು ಕಾಕಾ ಆಳಿ ಎಂದು ಕರೆದು, ತಳವೆಲ್ಲ ಅದರ ಹಾಸಾಗಿ ಸಿಗಡಿ ಸಿಗುತ್ತಿಲ್ಲವೆಂದು ದೂರಿತ್ತರು, ಹಸಿರು ನ್ಯಾಯಮಂಡಳಿ ವಿಷಯವನ್ನು ಕೈಗೆತ್ತಿಕೊಂಡಿತು. ಠಾಣೆ ಖಾರಿ 2022ರಿಂದ ರಾಮ್‌ಸರ್ ತಾಣ; ಅದರ ಕೆಸರೂ ಮೈಟೆಲ್ಲಾಕ್ಕೆ ಒಗ್ಗುವಂಥದ್ದೇ. ಅಲ್ಲಿ ಗುರುತಿಲ್ಲದ ಚಿಪ್ಪು ಬಲೆಗೆ ಬಂದರೆ ಅದನ್ನು ನೀರಿಗೆ ಮರಳಿ ಎಸೆಯಬಾರದು. ಬಾಟಲಿಯಲ್ಲಿ ಸ್ಪಿರಿಟ್ ಹಾಕಿ ಮುಳುಗಿಸಿಟ್ಟು, ಸಿಕ್ಕ ಜಾಗ, ತಾರೀಖು, ಬಲೆಯ ಬಗೆ, ಭರತವೋ ಇಳಿತವೋ ಎಂಬುದನ್ನು ಪೆನ್ಸಿಲಿನಲ್ಲಿ ಚೀಟಿ ಬರೆದು ಬಾಟಲಿಯೊಳಗೇ ಹಾಕಬೇಕು. ಶಾಯಿಯಲ್ಲಿ ಬರೆದರೆ ಸ್ಪಿರಿಟ್ಟಿಗೆ ಅಳಿಸಿಹೋಗುತ್ತದೆ.